ಸುಳ್ಳುಬಾಯಿ

ಕತ್ತಿ ಗದ್ದದ ಕೆಳಗೆ ಒಂದಿಷ್ಟು ಒಳಗೇ ಇಳಿಯಿತು. ಕಪ್ತಾನ ಲೂಕಾಸ್ ಕನ್ನಡಿಯಲ್ಲಿ ನೋಡುತ್ತಿದ್ದದ್ದು ಗದ್ದವನ್ನಲ್ಲ, ಬಾಯಿಯನ್ನು; ಅದಕ್ಕೇ ಹೀಗಾದದ್ದು. ಸಾಬೂನಿನ ನೊರೆಯ ನಡುವೆ ಅದು ಬೇರೆ ಯಾರದೋ ಬಾಯಿಯ ಹಾಗೆ ಕಂಡಿತ್ತು: ತೆಳ್ಳನೆಯ ತುಟಿ, ಎಡಗಡೆ ಒಂದು ಹಲ್ಲಿನ ಜಾಗ ಖಾಲಿ. ಇವತ್ತು ಈ ಬಾಯಿ ಚರ್ಚಿನಲ್ಲಿ ಊರವರೆದುರು ಒಂದು ಹೆಸರು ಹೇಳಬೇಕು. ಹೆಚ್ಚೇನಲ್ಲ, ಒಂದೇ ಒಂದು ಹೆಸರು. ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗ ಹೆಸರು ಹೇಳುವವನು ಧರ್ಮತಂದೆ. ಅವನು ಹೇಳಿದ ಮೇಲೆ ಅದನ್ನು ಹೆತ್ತವಳೂ ಬದಲಾಯಿಸುವ ಹಾಗಿಲ್ಲ, ಪಾದ್ರಿಯೂ ಬದಲಾಯಿಸುವ ಹಾಗಿಲ್ಲ. ಹೆತ್ತವಳು ಚರ್ಚಿಗೆ ಬರುವಂತೆಯೇ ಇಲ್ಲ, ಮನೆಯ ಹೊಸ್ತಿಲಲ್ಲಿ ಕಾಯಬೇಕು. ಹೆಸರು ಕಿವಿಗೆ ಬಿದ್ದದ್ದೇ ತಡ, ಕೇರಿಯ ಮಕ್ಕಳೆಲ್ಲ ಎದ್ದುಬಿದ್ದು ಓಡಿ ಅವಳಿಗೆ ಮುಟ್ಟಿಸುತ್ತಾರೆ. ಮೊದಲು ಮುಟ್ಟಿಸಿದವರಿಗೆ ಅವಳು ಸಿಹಾರಿಕಿ ಕೊಡುತ್ತಾಳೆ. ಸುದ್ದಿ ತಂದವರ ಕೈಗೆ ಹಾಕುವ ನಾಣ್ಯಕ್ಕೆ ಈ ಕಡಲೂರು ಗಲಕ್ಸಿದಿಯಲ್ಲಿ ಹಾಗನ್ನುತ್ತಾರೆ. ಅಂಥದ್ದೊಂದು ಸಿಹಾರಿಕಿ ಲೂಕಾಸನ ಕೋಟಿನ ಒಳಜೇಬಿನಲ್ಲೂ ಇದೆ. ಕಳೆದ ಚಳಿಗಾಲದಿಂದ ಇದೆ. ಅದನ್ನು ಅವನು ಖರ್ಚೂ ಮಾಡಿಲ್ಲ, ಎಸೆದೂ ಇಲ್ಲ.

ರಕ್ತ ನೊರೆಗೆ ಇಳಿದು ಗುಲಾಬಿ ಬಣ್ಣವಾಯಿತು. ಇಸ್ತ್ರಿ ಮಾಡಿದ ಅಂಗಿ ಹಿಡಿದುಕೊಂಡು ಬಂದ ಹೆಂಡತಿ ಮರೂಸೊ ಬಾಗಿಲಲ್ಲೇ ನಿಂತು, ಎಣ್ಣೆ ಹಚ್ಚುವ ಕೈ ಹೀಗೆ ನಡುಗಿದರೆ ಮಗು ಜಾರಿ ತೊಟ್ಟಿಗೇ ಬೀಳುತ್ತದೆ, ಹುಷಾರು ಎಂದು ನಕ್ಕಳು. ಅವರಿಬ್ಬರಿಗೆ ಮಕ್ಕಳಿಲ್ಲ. ಅದಕ್ಕೇ ಇರಬೇಕು, ಒಂದು ವಾರದಿಂದ ಅವಳ ಸಡಗರ ಹೇಳತೀರದು. ಸಕ್ಕರೆ ಮೆತ್ತಿದ ಬಾದಾಮಿಯನ್ನು ಚಿಕ್ಕ ಚಿಕ್ಕ ಬಟ್ಟೆಯಲ್ಲಿ ಗಂಟು ಕಟ್ಟಿ ಕಟ್ಟಿ ಅವಳ ಬೆರಳು ಸವೆದಿದೆ. ಬೆಳ್ಳಿಯ ಶಿಲುಬೆ ಬಂದಿದೆ, ಬಿಳಿ ವಸ್ತ್ರ ಬಂದಿದೆ. ಹತ್ತಿ ಒದ್ದೆ ಮಾಡಿ ಅವನ ಗದ್ದಕ್ಕೆ ಒತ್ತುತ್ತಾ ಅವಳು ಮಾತಾಡುತ್ತಲೇ ಇದ್ದಳು.

“ಊರೆಲ್ಲ ನಿಮ್ಮನ್ನ ಬಂದರು ಕಪ್ತಾನ, ಬಂದರು ಕಪ್ತಾನ ಅಂತ ಆಡ್ಕೊಳ್ತಿದ್ರು. ಈಗ ನೋಡ್ರೀ, ಅದೇ ಬಾಯಲ್ಲಿ ಲೂಕಾಸಣ್ಣ ಅಂತಾರೆ. ಒಂದು ಒಳ್ಳೆ ಸುದ್ದಿ ತಂದಿದ್ದಕ್ಕೆ ಎಷ್ಟು ಮರ್ಯಾದೆ!”

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಅವಳಿಗೆ ಏನೂ ಗೊತ್ತಿಲ್ಲ, ಪಾಪ. ಬಂದರು ಕಪ್ತಾನ ಎನ್ನುವುದು ಅವನ ಬೆನ್ನಿಗೆ ಅಂಟಿದ ಹಳೆಯ ಹೆಸರು: ಮೋಡ ಸ್ವಲ್ಪ ಕಪ್ಪಾದರೆ ಸಾಕು, ಲೂಕಾಸ್ ಹತ್ತಿರದ ಬಂದರಿಗೆ ನುಗ್ಗಿ ಲಂಗರು ಹಾಕಿ ಕೂರುತ್ತಾನೆ, ಉಳಿದವರು ಗೋಧಿ ಮಾರಿ ಮನೆ ಸೇರಿದ ಮೇಲೆ ಇವನು ನೆಂದ ಬೆಕ್ಕಿನ ಹಾಗೆ ಬರುತ್ತಾನೆ. ಹಾಗೆ ಮೊದಲು ಕರೆದವನು ಸ್ತಮಾತಿಸ್. ಕಾಫಿ ಅಂಗಡಿಯಲ್ಲಿ ತೊಡೆ ತಟ್ಟಿ ನಗುತ್ತಾ ಕರೆದಿದ್ದ, ಆಮೇಲೆ ಹೆಗಲ ಮೇಲೆ ಕೈ ಹಾಕಿ ಕಾಫಿಯ ದುಡ್ಡನ್ನೂ ತಾನೇ ಕೊಟ್ಟಿದ್ದ. ಇವತ್ತು ಹೆಸರಿಡಬೇಕಾದದ್ದು ಅವನ ಮಗನಿಗೆ.

ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು. ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ಅಪ್ಪನ ಹೆಸರನ್ನೇ ಮಗನಿಗೆ ಇಡುವುದು ಒಂದೇ ಒಂದು ಸಲ, ಮಗು ಹುಟ್ಟುವ ಮೊದಲೇ ಅಪ್ಪ ಸತ್ತಿದ್ದರೆ. ಬದುಕಿರುವವನ ಹೆಸರನ್ನು ಅವನ ಮಗನಿಗೆ ಇಟ್ಟರೆ ಬದುಕಿರುವವನನ್ನು ಕೊಂದ ಹಾಗೆ. ಆ ತಪ್ಪನ್ನು ಈ ಊರಿನಲ್ಲಿ ಕುಡುಕನೂ ಮಾಡುವುದಿಲ್ಲ. ಹಾಗಾಗಿ ಇವತ್ತು ಲೂಕಾಸ್ ‘ಸಿದೇರಿಸ್’ ಎಂದು ಅಜ್ಜನ ಹೆಸರು ಹೇಳಿದರೆ ಸ್ತಮಾತಿಸ್ ಎಲ್ಲೋ ಇದ್ದಾನೆ, ಬರುತ್ತಾನೆ ಎಂದು ಅರ್ಥ. ‘ಸ್ತಮಾತಿಸ್’ ಎಂದರೆ ಮುಗಿಯಿತು. ಅರೆತಿ, ಮಗುವಿನ ತಾಯಿ, ಸಿದೇರಿಸ್ ಎಂದೇ ಹೇಳಿ ಕಳಿಸಿದ್ದಾಳೆ. ಸಿದೇರಿಸ್ ಎಂದು ಬಟ್ಟೆಯ ಅಂಚಿಗೆ ನೀಲಿ ದಾರದಲ್ಲಿ ಹೊಲಿದಿದ್ದಾಳೆ. ಗಂಡ ಬರಲಿ, ಬಂದ ಮೇಲೆ ಮಾಡೋಣ ಎಂದು ತಿಂಗಳುಗಟ್ಟಲೆ ಮುಂದೂಡಿದಳು. ಹೋದ ವಾರ ಮಗುವಿಗೆ ಜ್ವರ ಬಂದು ಕಣ್ಣು ಮೇಲಕ್ಕೆ ಹೋದಾಗ ಹೆದರಿ ಒಪ್ಪಿದಳು. ಧರ್ಮತಂದೆ ಯಾರೆಂಬುದರಲ್ಲಿ ಅವಳಿಗೆ ಎರಡನೆಯ ಮಾತಿರಲಿಲ್ಲ. ತನ್ನ ಗಂಡನನ್ನು ಕೊನೆಗೆ ಕಣ್ಣಾರೆ ನೋಡಿದವರು ಲೂಕಾಸಣ್ಣ, ಸುದ್ದಿ ತಂದವರು ಲೂಕಾಸಣ್ಣ, ಮತ್ಯಾರು ಆಗಬೇಕು?

ಕೋಟು ತೊಟ್ಟು ಬೀದಿಗಿಳಿದಾಗ ಬಿಸಿಲು ಸುಣ್ಣದ ಗೋಡೆಗಳ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಮರೂಸೊ ಬಾದಾಮಿಯ ಬುಟ್ಟಿ ಹೊತ್ತ ಹೆಂಗಸರ ಜೊತೆ ಮುಂದೆ ಹೋಗಿದ್ದಳು. ಹಡಗು ಕಟ್ಟುವ ಧಕ್ಕೆಯಲ್ಲಿ ಒಂದು ಹಾಯಿಯನ್ನು ಒಣಗಲು ಬಿಟ್ಟಿದ್ದರು. ಗಾಳಿಯಿಲ್ಲದೆ ಅದು ಜೋಲುಬಿದ್ದಿತ್ತು. ಲೂಕಾಸ್ ಆ ಕಡೆ ನೋಡಬಾರದೆಂದು ಅಂದುಕೊಂಡ, ನೋಡಿದ. ಅದರಲ್ಲಿ ತೇಪೆ ಇರಲಿಲ್ಲ. ಸುಲೀನಾದಲ್ಲಿ, ದಾನ್ಯೂಬ್ ನದಿಯ ಬಾಯಲ್ಲಿ, ಇಬ್ಬರ ಹಡಗೂ ಅಕ್ಕಪಕ್ಕ ನಿಂತು ಗೋಧಿ ತುಂಬಿಕೊಳ್ಳುತ್ತಿದ್ದಾಗ ಸ್ತಮಾತಿಸನ ‘ಪೆಲಾಯಾ’ದ ಮೇಲ್ಹಾಯಿ ಹರಿದಿತ್ತು. ಹೊಸ ಬಟ್ಟೆ ಆ ಊರಲ್ಲಿ ಸಿಗಲಿಲ್ಲ. ಲೂಕಾಸ್ ತನ್ನಲ್ಲಿದ್ದ ಹಳೆಯ ದೋಣಿಹಾಯಿಯ ತುಂಡೊಂದನ್ನು ಕೊಟ್ಟಿದ್ದ, ತೊಗಟೆಯ ರಸದಲ್ಲಿ ನೆನೆಸಿದ ಕಂದು ಬಣ್ಣದ್ದು. ಬಿಳಿ ಹಾಯಿಯ ನಟ್ಟನಡುವೆ ಕಂದು ತೇಪೆ. ಸ್ತಮಾತಿಸ್ ಅದನ್ನು ಮೇಲಕ್ಕೇರಿಸಿ, ಸೊಂಟಕ್ಕೆ ಕೈಯಿಟ್ಟು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

“ಭಿಕ್ಷುಕನ ಅಂಗಿ ಆಯ್ತಲ್ಲೋ ಇದು. ಇನ್ಮೇಲೆ ನನ್ನ ಹಡಗನ್ನ ಹತ್ತು ಮೈಲಿಯಿಂದ ಗುರುತು ಹಿಡೀಬಹುದು, ಬಿಡು.”

ಹಾಗೇ ಆಯಿತು. ಲೂಕಾಸ್ ಮೊದಲು ಹೊರಟವನು ದಾರಿಯಲ್ಲಿ ಬಡಗಣ ಗಾಳಿಯ ವಾಸನೆ ಹಿಡಿದು ಕೊನ್ಸ್ತಾಂತ್ಸಾ ಬಂದರಿಗೆ ನುಗ್ಗಿ ಲಂಗರು ಹಾಕಿದ, ಸ್ತಮಾತಿಸ್ ನುಗ್ಗಲಿಲ್ಲ. ಅವನು ದಾಟಿ ಹೋಗಿರಬೇಕು. ಕಪ್ಪುಸಮುದ್ರದಿಂದ ಕೆಳಗಿಳಿದು ಬರುವ ಹಡಗಿಗೆ ಬಾಸ್ಫರಸ್ ಜಲಸಂಧಿಯ ಬಾಯಿ ಹುಡುಕುವುದೇ ದೊಡ್ಡ ಕಷ್ಟ, ದಡವೆಲ್ಲ ಒಂದೇ ತರದ ಗುಡ್ಡ. ನಿಜವಾದ ಬಾಯಿಗಿಂತ ಸ್ವಲ್ಪ ಪಡುವಣಕ್ಕೆ ಎರಡು ಗುಡ್ಡಗಳ ನಡುವೆ ಒಂದು ತಗ್ಗಿದೆ. ಮಬ್ಬಿನಲ್ಲಿ, ಮಳೆಯಲ್ಲಿ, ನಿದ್ದೆಗೆಟ್ಟ ಕಣ್ಣಿಗೆ ಅದೇ ಬಾಯಿಯೆಂದು ಅನ್ನಿಸುತ್ತದೆ. ಬದುಕಿದೆಯಾ ಬಡಜೀವವೇ ಎಂದು ಕಪ್ತಾನ ಚುಕ್ಕಾಣಿ ತಿರುಗಿಸುತ್ತಾನೆ. ಒಳಗೆ ಮರಳು, ಬಂಡೆ. ಹಿಂದಿನಿಂದ ಗಾಳಿ ಒತ್ತುತ್ತಿರುವಾಗ ಮರಳಿ ಹೊರಡುವ ಮಾತೇ ಇಲ್ಲ. ಹಡಗಿನವರು ಅದನ್ನು ಸುಳ್ಳುಬಾಯಿ ಎನ್ನುತ್ತಾರೆ. ಅಲ್ಲಿ ಯಾವಾಗಲೂ ಯಾವುದೋ ಒಂದು ಹಡಗು ಬಿದ್ದೇ ಇರುತ್ತದೆ. ಗಾಳಿ ತಗ್ಗಿದ ಮೇಲೆ ಲೂಕಾಸ್ ಅದರ ಮುಂದೆ ದೂರದಲ್ಲಿ ಹಾದುಹೋಗುವಾಗ ಅವತ್ತೂ ಒಂದು ಇತ್ತು. ಖಲಾಸಿಗಳು ಬರಿಗಣ್ಣಲ್ಲಿ ನೋಡಿ ಶಿಲುಬೆಯ ಗುರುತು ಹಾಕಿಕೊಂಡರು. ದುರ್ಬೀನು ಇದ್ದದ್ದು ಲೂಕಾಸನ ಕೈಯಲ್ಲಿ. ವಾಲಿದ ಎರಡು ಹಾಯಿಮರ, ಅಲೆ ಬಂದಾಗಲೆಲ್ಲ ಮುಚ್ಚಿ ಮತ್ತೆ ಕಾಣುವ ಒಂದು ಹಾಯಿ, ಹಾಯಿಯ ನಡುವೆ ಕಂದು ಬಣ್ಣ.

ಯಾರದು ಕಪ್ತಾನರೇ ಎಂದು ಖಲಾಸಿಗಳ ಮುಖ್ಯಸ್ಥ ತಂಡೇಲ ಕೇಳಿದ್ದ. ಯಾರೋ ಹೊರಗಿನವರದು ಎಂದು ಲೂಕಾಸ್ ದುರ್ಬೀನು ಮಡಚಿದ್ದ. ಆಗ ಅದಕ್ಕೆ ಕಾರಣ ಇತ್ತು. ಅಲೆ ಇನ್ನೂ ಇಳಿದಿರಲಿಲ್ಲ, ಹುಡುಗರು ದಣಿದಿದ್ದರು, ಗುರುತಿನವನೆಂದು ತಿಳಿದರೆ ದೋಣಿ ಇಳಿಸುತ್ತೇವೆಂದು ಹಟ ಹಿಡಿಯುತ್ತಾರೆ, ಇಳಿದವರು ವಾಪಸು ಬರುವುದಿಲ್ಲ. ಇದೆಲ್ಲ ನಿಜ. ಯಾವ ಕಪ್ತಾನನನ್ನು ಬೇಕಾದರೂ ಕೇಳಲಿ, ಸರಿ ಮಾಡಿದೆ ಎನ್ನುತ್ತಾನೆ. ಆದರೆ ಮಡಚುವ ಮೊದಲು ಮರಳಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡಿತ್ತು. ಪೀಪಾಯಿ ಇರಬಹುದು. ಪೀಪಾಯಿಯೇ. ಅದು ಅಲ್ಲಾಡಿದ ಹಾಗೆ ಕಂಡದ್ದು ಹಡಗು ಹೊಯ್ದಾಡಿದ್ದಕ್ಕೆ. ಆಮೇಲೆ ಎಷ್ಟೋ ಸಲ, ಊಟದ ಮಧ್ಯೆ, ಪ್ರಾರ್ಥನೆಯ ಮಧ್ಯೆ, ಲೂಕಾಸ್ ಆ ದುರ್ಬೀನನ್ನು ಮತ್ತೆ ಕಣ್ಣಿಗೇರಿಸಿ ನೋಡಿದ್ದಾನೆ. ಒಂದೊಂದು ಸಲ ಅದು ಪೀಪಾಯಿಯಾಗಿ ಸುಮ್ಮನಿರುತ್ತದೆ. ಒಂದೊಂದು ಸಲ ಎದ್ದು ಕೈ ಬೀಸುತ್ತದೆ.

“ಕಪ್ತಾನಣ್ಣಾ.”

ಅವನು ಅರೆತಿಯ ಮನೆಯ ಕೆಳಗೇ ಬಂದುಬಿಟ್ಟಿದ್ದ. ಬೇರೆ ದಾರಿಯಿತ್ತು, ಕಾಲು ಇದನ್ನೇ ಹಿಡಿದಿತ್ತು. ಅವಳು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದಳು, ತಲೆಗೆ ಹಳದಿ ರುಮಾಲು. ವಿಧವೆಯಾದವಳು ಮೈತುಂಬ ಕಪ್ಪು ತೊಡಬೇಕು. ಗಂಡ ಬದುಕಿರುವವಳು ಬೇಕೆಂದು ಕಪ್ಪು ತೊಟ್ಟರೆ ಅದು ಶಾಪ. ಬಾವಿಯ ಹತ್ತಿರ ಹೆಂಗಸರು ಅವಳ ಹಳದಿಯನ್ನು ನೋಡಿ ಕಣ್ಣಲ್ಲೇ ಮಾತಾಡಿಕೊಳ್ಳಲು ಶುರುಮಾಡಿ ಎಷ್ಟೋ ದಿನವಾಗಿದೆ. ಮೇ ತಿಂಗಳಲ್ಲಿ, ಸ್ತಮಾತಿಸ್ ಹೋಗಿದ್ದಾನೆಂದು ಲೂಕಾಸ್ ಹೇಳಿದ್ದ ಟಗನ್ರೋಗ್ ಬಂದರಿನಿಂದ ಬಂದ ಹಡಗಿನವರು, ಹಿಮ ಕರಗುವ ತನಕ ತಾವು ಅಲ್ಲೇ ಇದ್ದೆವು, ಪೆಲಾಯಾ ಎಂಬ ಹಡಗು ಕಾಣಲಿಲ್ಲ ಎಂದು ಹೇಳಿದ ಮೇಲಂತೂ ಎದುರಿಗೇ ಆಡಿಕೊಂಡರು. ಹಾಗಾದರೆ ಬೇರೆ ಬಂದರಿನಲ್ಲಿದ್ದಾರೆ, ಲೂಕಾಸಣ್ಣ ಸುಳ್ಳು ಹೇಳುತ್ತಾರಾ ಎಂದು ಅವಳು ಕೊಡ ಎತ್ತಿಕೊಂಡು ಬಂದಳಂತೆ. ಮರೂಸೊ ಅದನ್ನು ಹೆಮ್ಮೆಯಿಂದ ಬಂದು ಹೇಳಿದ್ದಳು.

ಅರೆತಿ ಕೇಳಿದ್ದು ದೊಡ್ಡದೇನಲ್ಲ. ಹೆಸರು ಸ್ಪಷ್ಟವಾಗಿ ಹೇಳಿ, ಪಾದ್ರಿ ಅರ್ಸೇನಿಯೋಸರಿಗೆ ಕಿವಿ ಮಂದ, ಸಿದೇರಿಸ್ ಎನ್ನುವುದನ್ನು ಸೋತೀರಿಸ್ ಎಂದು ಮಾಡಿಬಿಟ್ಟಾರು ಎಂದಳು. ಅವನು ತಲೆಯಾಡಿಸಿದ. ಆಮೇಲೆ ಅವಳು ಸಮುದ್ರದ ಕಡೆ ನೋಡುತ್ತಾ ಕೇಳಿದಳು.

“ಕಂದು ತೇಪೆ ಮೇಲ್ಹಾಯಿಗೇ ತಾನೇ ಹಾಕಿದ್ದು? ಕೆಳಗಿನದಕ್ಕಲ್ಲ ತಾನೇ?”

“ಮೇಲ್ಹಾಯಿಗೆ.”

“ಹಾಗಾದ್ರೆ ದೂರದಿಂದಾನೇ ಕಾಣುತ್ತೆ. ದಿನಾ ಅದನ್ನೇ ನೋಡ್ತಾ ಕೂರ್ತೀನಿ. ಬಿಳೀದು ಬಂದ್ರೆ ಎದೆ ಹೊಡ್ಕೊಳೋದೇ ಇಲ್ಲ ಈಗ, ಕಂದು ಇಲ್ವಲ್ಲ ಅಂತ ಸುಮ್ನಾಗ್ತೀನಿ.”

ತೇಪೆಯ ಮಾತನ್ನು ಅವಳಿಗೆ ಹೇಳಿದವನು ಅವನೇ. ಕಳೆದ ಚಳಿಗಾಲದಲ್ಲಿ ಇದೇ ಧಕ್ಕೆಯಲ್ಲಿ ಕಾಲಿಟ್ಟಾಗ ಅವಳು ತುಂಬಿದ ಹೊಟ್ಟೆ ಹೊತ್ತುಕೊಂಡು ಜನರನ್ನು ಸರಿಸುತ್ತಾ ಬಂದು ನಿಂತಿದ್ದಳು. ನೋಡಿದಿರಾ ಎಂದು ಕೇಳಿದಳು. ಸುಲೀನಾದಲ್ಲಿ ಸಿಕ್ಕಿದ್ದ, ಗುಂಡುಕಲ್ಲಿನ ಹಾಗಿದ್ದಾನೆ ಎಂದ, ಅದು ನಿಜ. ಹಾಯಿಗೆ ತೇಪೆ ಹಾಕಿಕೊಟ್ಟೆ ಎಂದ, ಅದೂ ನಿಜ. ಆಮೇಲೆ, ಎಂದು ಅವಳು ಕೇಳಿದಳು. ಆ ‘ಆಮೇಲೆ’ಯ ಮುಂದೆ ಅವನು ನಿಂತ. ಅವಳ ಕೈ ಹೊಟ್ಟೆಯ ಮೇಲಿತ್ತು. ಸುತ್ತ ಜನ. ಅಷ್ಟು ಜನ ತನ್ನ ಬಾಯನ್ನೇ ನೋಡುತ್ತಾ ನಿಂತದ್ದು ಅವನ ಬದುಕಿನಲ್ಲೇ ಮೊದಲು. ಟಗನ್ರೋಗಿಗೆ ಒಳ್ಳೆಯ ಬಾಡಿಗೆ ಸಿಕ್ಕಿತು, ಹೋದ, ಅಲ್ಲೇ ಹಿಮ ಕಟ್ಟಿ ಚಳಿಗಾಲ ಕಳೆಯುತ್ತಾನೆ, ಎಂದುಬಿಟ್ಟ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ನಿರಾಳವಾಯಿತು. ಅವಳು ಅತ್ತಳು, ನಕ್ಕಳು, ಕೊರಳಿಗೆ ಕೈ ಹಾಕಿ ಮದುವೆಯ ಸರದಿಂದ ತೂತಿರುವ ಒಂದು ಬೆಳ್ಳಿ ನಾಣ್ಯ ಕಿತ್ತು ಅವನ ಅಂಗೈಗೆ ಒತ್ತಿದಳು. ಬೇಡ ಎನ್ನಲು ಬರುವುದಿಲ್ಲ. ಸಿಹಾರಿಕಿ ಬೇಡವೆಂದರೆ ಸುದ್ದಿ ಸುಳ್ಳೆಂದು ಅರ್ಥ. ಅವನು ಮುಷ್ಟಿ ಮುಚ್ಚಿದ. ಊರವರು ಅವನ ಬೆನ್ನು ತಟ್ಟಿದರು. ಅವತ್ತು ರಾತ್ರಿ ಅವನು ಚೆನ್ನಾಗಿ ಉಂಡ, ಅದನ್ನು ನೆನೆಸಿಕೊಂಡರೆ ಈಗಲೂ ಅವನಿಗೆ ಅಸಹ್ಯವಾಗುತ್ತದೆ. ಆಮೇಲೆ ಅವಳು ಸಿಕ್ಕಾಗಲೆಲ್ಲ ಒಂದೊಂದು ಕೇಳುವಳು, ಅವನು ಒಂದೊಂದು ಸೇರಿಸುವನು: ಗಡ್ಡ ಬಿಟ್ಟಿದ್ದಾನೆ, ಕೆಮ್ಮು ಹೋಗಿದೆ, ಮಗು ಗಂಡೇ ಆಗುತ್ತದೆಂದು ಪಂದ್ಯ ಕಟ್ಟಿದ್ದಾನೆ. ನಂಬಿಸಿ ನಂಬಿಸಿ ಅವಳನ್ನು ಒಳಗೆ ಕರೆದುಕೊಂಡು ಹೋದೆ, ಎಂದು ಅವನು ಏರುದಾರಿ ಹತ್ತುತ್ತಾ ಅಂದುಕೊಂಡ. ಬಾಯಿಯೆಂದು ತೋರಿಸಿ ಮರಳಿಗೆ ತಂದು ಕೂರಿಸಿದ್ದೇನೆ. ಪೆಲಾಯಾದ ಖಲಾಸಿಗಳು ಬೇರೆ ಬೇರೆ ದ್ವೀಪಗಳವರು. ಅಲ್ಲಿಯೂ ಯಾರೋ ಹೆಂಗಸರು ಯಾವುದೋ ಧಕ್ಕೆಯಲ್ಲಿ ಯಾರನ್ನೋ ಕೇಳುತ್ತಿರಬಹುದು. ಅವರಿಗೆ ಸುಳ್ಳು ಹೇಳುವವರಾದರೂ ಇದ್ದಾರೋ ಇಲ್ಲವೋ.

ಚರ್ಚಿನ ಅಂಗಳದಲ್ಲಿ ಮಕ್ಕಳು ಆಗಲೇ ಬಾಗಿಲ ಬಳಿ ಸಾಲುಗಟ್ಟಿದ್ದರು, ಓಡಲು ಸಿದ್ಧವಾಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು. ಸೈಪ್ರೆಸ್ ಮರದ ನೆರಳಿನಲ್ಲಿ ಮುದುಕಿ ಝಂಬೇತಾ ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಸ್ತಮಾತಿಸನ ತಾಯಿ. ಗಂಡ ಸಿದೇರಿಸ್ ಸಮುದ್ರದ ಪಾಲಾಗಿ ಎಷ್ಟೋ ಕಾಲವಾಯಿತು, ಅಂದಿನಿಂದ ಇವಳು ಕಪ್ಪಿನಲ್ಲೇ ಇದ್ದಾಳೆ, ಹಾಗಾಗಿ ಮಗನಿಗಾಗಿ ಕಪ್ಪು ತೊಟ್ಟಿದ್ದಾಳೋ ಇಲ್ಲವೋ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಹೆತ್ತ ಮಕ್ಕಳೆಲ್ಲ ತೊಟ್ಟಿಲಿನಲ್ಲೇ ಹೋಗುತ್ತಿದ್ದಾಗ ಕಡೆಗೆ ಹುಟ್ಟಿದವನಿಗೆ ಅವಳು ಸ್ತಮಾತಿಸ್ ಎಂದು ಹೆಸರಿಡಿಸಿದ್ದಳು. ನಿಲ್ಲು, ಎಂದು ಅದರ ಅರ್ಥ. ಸಾವಿಗೆ ಹೇಳಿದ ಮಾತು ಅದು. ಸಾವು ನಿಂತಿತು ಕೂಡ, ಇಷ್ಟು ಕಾಲ.

ಲೂಕಾಸ್ ಅವಳ ಕೈಗೆ ಮುತ್ತಿಟ್ಟ. ಅವಳು ಪಕ್ಕದಲ್ಲಿ ಕೂರಲು ಹೇಳಿ, ಮಗುವಿನ ಮುಖದ ಮೇಲಿನ ನೊಣ ಓಡಿಸುತ್ತಾ, ಸುಮ್ಮನೆ ಲೋಕಾಭಿರಾಮ ಆಡುವವಳ ಹಾಗೆ ಶುರುಮಾಡಿದಳು. ಹೋದ ಶನಿವಾರ ಸತ್ತವರ ಶನಿವಾರವಿತ್ತಲ್ಲ, ಎಲ್ಲರ ಹಾಗೆ ತಾನೂ ಗೋಧಿ ಬೇಯಿಸಿ, ಸಕ್ಕರೆ ದಾಳಿಂಬೆ ಬೆರೆಸಿ, ಚರ್ಚಿಗೆ ತಂದು ಗಂಡನ ಹೆಸರು, ತೊಟ್ಟಿಲ ಮಕ್ಕಳ ಹೆಸರು ಓದಿಸಿ ಹಂಚಿದಳಂತೆ. ಗೋಧಿ ಈ ವರ್ಷ ಬೇಗ ಬೇಯಲಿಲ್ಲವಂತೆ.

“ಒಂದು ಹಿಡಿ ಜಾಸ್ತಿ ಹಾಕಿದ್ದೆ ಕಣಪ್ಪಾ. ಯಾರ ಹೆಸರಿಗೆ ಅಂತ ಪಾದ್ರಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. ಹೆಸರಿಲ್ಲದ ಗೋಧಿ ಹೋಗಬೇಕಾದವನಿಗೆ ಹೋಗುತ್ತೋ ಇಲ್ವೋ, ನನಗೇನು ಗೊತ್ತು?”

ಅವನು ನೆಲ ನೋಡಿದ. ಇರುವೆಗಳು ಬಾದಾಮಿಯ ಸಕ್ಕರೆಯ ಚೂರೊಂದನ್ನು ಎಳೆದುಕೊಂಡು ಹೋಗುತ್ತಿದ್ದವು. ಮುದುಕಿ ತನ್ನನ್ನು ನೋಡುತ್ತಿದ್ದಾಳೆಯೇ ಎಂದು ತಿರುಗಿ ನೋಡಲು ಧೈರ್ಯ ಬರಲಿಲ್ಲ. ಗಂಟೆ ಹೊಡೆಯಿತು. ಅವಳು ಎದ್ದು ಮಗುವನ್ನು ಅವನ ತೋಳಿಗೆ ಹಾಕಿದಳು. ಅದು ಅವನೆಣಿಸಿದ್ದಕ್ಕಿಂತ ಭಾರವಿತ್ತು, ಬೆಚ್ಚಗಿತ್ತು, ಅಪ್ಪನ ಹಾಗೇ ಅಗಲ ಹಣೆ. ಅದು ಅವನ ಗದ್ದದ ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿತು.

ಬಾಗಿಲ ಒಳಗೆ ಅವನನ್ನು ಪಡುವಣಕ್ಕೆ ಮುಖ ಮಾಡಿ ನಿಲ್ಲಿಸಿದರು. ಸೈತಾನನನ್ನು ಬಿಟ್ಟೆಯಾ ಎಂದು ಪಾದ್ರಿ ಅರ್ಸೇನಿಯೋಸ್ ಮಗುವಿನ ಪರವಾಗಿ ಅವನನ್ನು ಕೇಳಿದರು. ಬಿಟ್ಟೆ ಎಂದ. ಮತ್ತೆ ಕೇಳಿದರು, ಬಿಟ್ಟೆ ಎಂದ. ಆ ಸೈತಾನನ ಮೇಲೆ ಉಗಿ ಎಂದರು. ಉಗಿಯಲು ಬಾಯಲ್ಲಿ ಏನೂ ಇರಲಿಲ್ಲ, ಒಣಗಿ ನಾಲಗೆ ಅಂಗುಳಿಗೆ ಅಂಟಿತ್ತು. ಬರೀ ಗಾಳಿ ಬಂತು. ಹಿಂದೆ ಯಾರೋ ಹೆಂಗಸರು ಕಿಸಕ್ಕೆಂದರು. ನಂಬಿಕೆಯ ಪ್ರಾರ್ಥನೆ ಹೇಳಬೇಕಾದಾಗ ನಡುವೆ ಒಂದು ಸಾಲು ಮರೆತು ನಿಂತ, ಮರೂಸೊ ಹಿಂದಿನಿಂದ ಪಿಸುದನಿಯಲ್ಲಿ ಎತ್ತಿಕೊಟ್ಟಳು, ಅವಳ ಮುಖ ಕೆಂಪಾಗಿರಬೇಕು. ಕಡೆಗೆ ತೊಟ್ಟಿಯ ಹತ್ತಿರ ಬಂದರು. ತಾಮ್ರದ ದೊಡ್ಡ ತೊಟ್ಟಿ, ಬೆಚ್ಚಗಿನ ನೀರು, ನೀರಿನ ಮೇಲೆ ಎಣ್ಣೆ ಚಿನ್ನದ ಬಿಲ್ಲೆಗಳಾಗಿ ತೇಲುತ್ತಿತ್ತು. ಮುದುಕಿ ಮಗುವಿನ ಬಟ್ಟೆ ಬಿಚ್ಚಿದಳು. ಲೂಕಾಸ್ ಅಂಗಿಯ ತೋಳು ಮಡಚಿ ಅದರ ಎದೆಗೆ, ಬೆನ್ನಿಗೆ, ಕಂಕುಳಿಗೆ, ಬೆರಳ ಸಂದಿಗೆ ಎಣ್ಣೆ ಹಚ್ಚಿದ. ಮೈಯ ಒಂದು ಕಡೆಯೂ ಬಿಡಬಾರದೆನ್ನುತ್ತಾರೆ. ಮರಳಿನ ಮೇಲೆ ಬಿದ್ದವನಿಗೆ ಎಣ್ಣೆಯಿಲ್ಲ, ನೀರಿಲ್ಲ, ಒಂದು ಹಿಡಿ ಗೋಧಿಗೆ ಹೆಸರೂ ಇಲ್ಲ. ಗೋಧಿಯೇನೋ ಬೇಕಾದಷ್ಟಿತ್ತು, ಹಡಗು ತುಂಬ ಇತ್ತು, ಅಲೆಯಲ್ಲಿ ನೆನೆದು ಉಬ್ಬಿ ಹಲಗೆ ಒಡೆದಿರಬೇಕು.

ಸಿದೇರಿಸ್ ಎಂದುಬಿಡು, ಎಂದು ಅವನೊಳಗೆ ಒಬ್ಬ ಹೇಳಿದ. ಸಲೀಸಾಗಿ 'ಟಗನ್ರೋಗ್' ಅಂದವನು ಅವನೇ. ಅವಳು ಹಳದಿಯಲ್ಲಿ ಇರಲಿ, ಕಿಟಕಿಯಲ್ಲಿ ಕೂರಲಿ, ನಿನಗೇನು, ಊರು ತಾನಾಗಿ ತಿಳಿದುಕೊಳ್ಳುತ್ತದೆ, ಅವಳೂ ನಿಧಾನವಾಗಿ ತಿಳಿದುಕೊಳ್ಳುತ್ತಾಳೆ. ಇದು ನಿಜವಿದ್ದರೂ ಇರಬಹುದು. ಆದರೆ ಅವಳು ಮುದುಕಿಯಾಗಿ ಆ ಕಿಟಕಿಯಲ್ಲಿ ಕೂತು, ಕಂದು ಇಲ್ಲವಲ್ಲ ಎಂದು ಸುಮ್ಮನಾಗುವುದು ಅವನ ಕಣ್ಣಿಗೆ ಕಟ್ಟಿತು, ಮತ್ತು ಕೈಯಲ್ಲಿದ್ದ ಮಗು ದೊಡ್ಡದಾಗಿ ಮಗ್ಗುಲಲ್ಲಿ ನಿಂತು ಅದನ್ನೇ ಹುಡುಕುವುದು.

“ಏನು ಹೆಸರು?” ಎಂದರು ಪಾದ್ರಿ, ಸಿದೇರಿಸ್ ಎನ್ನಲು ತಮ್ಮ ಬಾಯನ್ನೂ ಸಿದ್ಧಮಾಡಿಕೊಂಡು.

“ಸ್ತಮಾತಿಸ್.”

ಪಾದ್ರಿ ಕಿವಿಗೆ ಕೈ ಹಚ್ಚಿದರು. ಹತ್ತಿರ ಬಗ್ಗಿ, ಹುಡುಗನ ಅಜ್ಜನ ಹೆಸರು ಸಿದೇರಿಸ್ ಅಲ್ಲವೇನಯ್ಯಾ, ಮರೆತೆಯಾ ಎಂದು ಮೆಲ್ಲಗೆ ನೆನಪು ಮಾಡಿದರು. ಮರೆಯಲಿಲ್ಲ ಎಂದು ಲೂಕಾಸ್ ಮತ್ತೆ ಹೇಳಿದ, ಈ ಸಲ ಗಟ್ಟಿಯಾಗಿ, ಗೋಡೆಗೆ ತಾಗಿ ವಾಪಸು ಬರುವಷ್ಟು ಗಟ್ಟಿಯಾಗಿ. ಮರೂಸೊಳ ಕೈಯಿಂದ ಬುಟ್ಟಿ ಜಾರಿ ಬಾದಾಮಿಯ ಗಂಟುಗಳು ಕಲ್ಲುಹಾಸಿನ ಮೇಲೆ ಉರುಳಿದವು, ಒಬ್ಬರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಝಂಬೇತಾ ಬಿಳಿ ವಸ್ತ್ರವನ್ನು ಎರಡು ಕೈಯಲ್ಲಿ ಹರಡಿ ಹಿಡಿದು ನಿಂತವಳು ಹಾಗೇ ನಿಂತಿದ್ದಳು.

“ಎಲ್ಲಿ?” ಎಂದಳು.

“ಸುಳ್ಳುಬಾಯಲ್ಲಿ, ಅಮ್ಮಾ.”

“ನೀನು ನೋಡಿದ್ಯಾ?”

“ನೋಡಿದೆ.”

ಅವಳು ತಲೆಯಾಡಿಸಿದಳು. ಆಮೇಲೆ ಪಾದ್ರಿಯ ಕಡೆ ತಿರುಗಿ, ಮಗುವಿಗೆ ಚಳಿಯಾಗುತ್ತದೆ ಸ್ವಾಮಿ, ಮುಗಿಸಿ ಎಂದಳು. ಪಾದ್ರಿ ಮಗುವನ್ನು ತೆಗೆದುಕೊಂಡು, ದೇವರ ದಾಸ ಸ್ತಮಾತಿಸ್ ಎಂದು ಹೇಳಿ ನೀರಿನೊಳಗೆ ಮುಳುಗಿಸಿದರು, ಎತ್ತಿದರು, ಮತ್ತೆ ಹೆಸರು ಹೇಳಿ ಮುಳುಗಿಸಿದರು. ಪ್ರತಿ ಸಲವೂ ಆ ಹೆಸರು ನೀರಿಗೆ ಹೋಗುತ್ತಿತ್ತು, ಪ್ರತಿ ಸಲವೂ ಮಗು ಬಾಯಿ ತೆರೆದು, ಉಸಿರು ಕಟ್ಟಿ, ಮೇಲೆ ಬಂದು ಚೀರುತ್ತಿತ್ತು. ಲೂಕಾಸನ ಕಣ್ಣಿಂದ ನೀರಿಳಿಯಿತು. ಅವನು ಒರೆಸಿಕೊಳ್ಳಲಿಲ್ಲ, ಕೈಗೆಲ್ಲ ಎಣ್ಣೆಯಾಗಿತ್ತು.

ಬಾಗಿಲಲ್ಲಿ ಮಕ್ಕಳು ನಿಂತೇ ಇದ್ದರು. ಹೆಸರು ಕೇಳಿಸಿತ್ತು, ಓಡಬೇಕಾಗಿತ್ತು, ಒಬ್ಬರೂ ಓಡಲಿಲ್ಲ. ಅರ್ಥವಾಗದ ಒಂದು ಪುಟ್ಟ ಹುಡುಗಿ ಹೊರಟಿತ್ತು, ಅದರ ತಾಯಿ ಜಡೆ ಹಿಡಿದು ನಿಲ್ಲಿಸಿದಳು. ಈ ಸುದ್ದಿಗೆ ಸಿಹಾರಿಕಿ ಈಸಿಕೊಳ್ಳುವುದು ಯಾರಿಗೆ ಬೇಕು? ಮಗುವನ್ನು ಒರೆಸಿ, ಬಟ್ಟೆ ತೊಡಿಸಿ, ಶಿಲುಬೆ ಹಾಕಿ ಲೂಕಾಸನ ತೋಳಿಗೆ ಕೊಟ್ಟರು. ಮನೆಗೆ ಒಯ್ದು ತಾಯಿಗೆ ಒಪ್ಪಿಸಬೇಕಾದವನು ಧರ್ಮತಂದೆಯೇ. ಜನ ದಾರಿ ಬಿಟ್ಟರು. ಮರೂಸೊ ಅವನ ಮುಖ ನೋಡಲಿಲ್ಲ. ಅವಳ ಹತ್ತಿರ ಹಾದುಹೋಗುವಾಗ, ಇಷ್ಟು ದಿನ ನನ್ನ ಪಕ್ಕದಲ್ಲಿ ಮಲಗಿ ಹೇಗ್ರೀ ನಿದ್ದೆ ಮಾಡಿದ್ರಿ ಎಂದು ಅವಳು ಕೇಳಿದ್ದು ಮಾತ್ರ ಕಿವಿಗೆ ಬಿತ್ತು. ಇಳಿಜಾರಿನಲ್ಲಿ ಅವನು ಮುಂದೆ, ಬಹಳ ಹಿಂದೆ ಜನ. ಒದ್ದೆ ತಲೆಯ ಮಗು ಅತ್ತು ಅತ್ತು ಬಿಕ್ಕುತ್ತಾ ಅವನ ಎದೆಗೆ ಒರಗಿತ್ತು. ಬಿಸಿಲು ಇನ್ನೂ ಹಾಗೇ ಇತ್ತು. ಒಣಗಲು ಹಾಕಿದ ಹಾಯಿಯನ್ನು ಯಾರೋ ಮಡಚಿಟ್ಟಿದ್ದರು.

ಅರೆತಿ ಹೊಸ್ತಿಲ ಮೇಲೆ ನಿಂತಿದ್ದಳು, ಬಲಗೈ ಮುಷ್ಟಿ ಕಟ್ಟಿ. ಬೀದಿಯ ಉದ್ದಕ್ಕೂ ನೋಡಿದಳು; ಓಡಿ ಬರುವ ಮಕ್ಕಳಿಲ್ಲ. ಅವನ ಹಿಂದೆ ದೂರದಲ್ಲಿ ನಿಂತುಕೊಂಡ ಜನರನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಗಲೇ ಅವಳ ಮುಖದಲ್ಲಿದ್ದ ಬಣ್ಣ ಇಳಿದುಹೋಯಿತು. ಲೂಕಾಸ್ ಹೇಳಬೇಕಾದ ಮಾತು ಶುರುಮಾಡಿದ: ಎಣ್ಣೆ ಹಚ್ಚಿ, ಮೀಯಿಸಿ, ಹೆಸರಿಟ್ಟು ತಂದಿದ್ದೇನೆ, ಬೆಂಕಿಯಿಂದ ಕಾಪಾಡಿಕೋ, ನೀರಿನಿಂದ ಕಾಪಾಡಿಕೋ.

“ಹೆಸರು ಹೇಳಿ,” ಎಂದಳು.

“ಸ್ತಮಾತಿಸ್.”

ಅವಳು ಮುಖ ಪರಚಬಹುದು, ಉಗಿಯಬಹುದು ಎಂದು ಅವನು ಕಾದ; ಹಾಗೆ ಮಾಡಲಿ ಎಂದು ಬೇಡಿಕೊಂಡ. ಅವಳು ಏನೂ ಮಾಡಲಿಲ್ಲ. ತುಟಿ ಮಾತ್ರ ಆ ಹೆಸರನ್ನು ಸದ್ದಿಲ್ಲದೆ ಒಂದು ಸಲ ಹೇಳಿತು. ಆಮೇಲೆ ಎಡಗೈ ಚಾಚಿದಳು.

“ಆವತ್ತು ಧಕ್ಕೆ ಮೇಲೆ ಕೊಟ್ಟಿದ್ದನ್ನ ವಾಪಸ್ ಕೊಡಿ, ಕಪ್ತಾನಣ್ಣಾ. ಅದು ಅವರು ಬದುಕಿದ್ದಾರೆ ಅಂತ ಕೊಟ್ಟಿದ್ದು.”

ಇಟ್ಟುಕೊಂಡಿದ್ದೀರಾ ಎಂದು ಅವಳು ಕೇಳಲಿಲ್ಲ. ಅವನು ಮಗುವನ್ನು ಒಂದು ತೋಳಿಗೆ ಸರಿಸಿ, ಒಳಜೇಬಿನಿಂದ ತೂತಿರುವ ಬೆಳ್ಳಿ ನಾಣ್ಯ ತೆಗೆದು ಅವಳ ಅಂಗೈಯಲ್ಲಿ ಇಟ್ಟ. ಅವಳು ಅದನ್ನು ನೋಡಿ, ಕುಪ್ಪಸದೊಳಗೆ ಹಾಕಿಕೊಂಡಳು. ಬಲಗೈಯ ಮುಷ್ಟಿ ಬಿಚ್ಚಿದಳು. ಮಕ್ಕಳಿಗೆಂದು ಹಿಡಿದುಕೊಂಡಿದ್ದ ತಾಮ್ರದ ಚಿಲ್ಲರೆ, ಬೆವರಿಗೆ ಒದ್ದೆಯಾಗಿತ್ತು. ಅದನ್ನು ಅವನ ಎಣ್ಣೆಗೈಯೊಳಗೆ ಸುರಿದು ಬೆರಳು ಮಡಚಿದಳು.

“ಸುದ್ದಿ ತಂದಿದ್ದೀರಲ್ಲ,” ಎಂದಳು.

ಮಗುವನ್ನು ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಅವಳು ಕಿಟಕಿಗೆ ಬೆನ್ನು ಹಾಕಿ ಕೂತು, ತಲೆಯ ಹಳದಿ ರುಮಾಲು ಬಿಚ್ಚಿ, ಅದರಿಂದ ಮಗುವಿನ ಒದ್ದೆ ಕೂದಲು ಒರೆಸತೊಡಗಿದಳು.